ಮನೆಯೋ, ಗುಡಿಸಲೋ: ಸುಟ್ಟ ಸೂರಿನ ಬೆಲೆ ಕಟ್ಟುವ ಒಂದು ಪದ

ಬೇಸಿಗೆ ಬಂತೆಂದರೆ ಆದೋನಿ ಸೀಮೆಯ ಹಳ್ಳಿಗಳಲ್ಲಿ ಬೆಂಕಿಯ ಭಯವೂ ಬರುತ್ತದೆ. ಊರಿಗೆ ಕಾಡ್ಗಿಚ್ಚು ನುಗ್ಗುವಂತಹ ದಟ್ಟ ಕಾಡು ನಮ್ಮ ಸುತ್ತ ಇಲ್ಲ. ಆದರೆ ಹುಲ್ಲು ಹೊದಿಸಿದ ಮಾಡು, ಗೋಡೆಗೆ ತಾಗಿಸಿ ಒಟ್ಟಿದ ಬಣವೆ, ಮಾರಾಟಕ್ಕೆ ಕಾದು ಕೋಣೆಯಲ್ಲಿ ತುಂಬಿಟ್ಟ ಹತ್ತಿ ಇವೆ. ಬೆಂಕಿಯನ್ನು ಆರಿಸಲು ಊರೇ ಓಡಿಬರುತ್ತದೆ. ಮರುದಿನ ಬರುವ ಕಾಗದಪತ್ರದ ಮುಂದೆ ಮಾತ್ರ ಮನೆಯವರು ಒಂಟಿಯಾಗಿ ನಿಲ್ಲುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆ ಸುಟ್ಟಿತು. ಮಣ್ಣಿನ ಗೋಡೆಯ ಎರಡು ಕೋಣೆಗಳು, ಮೇಲೆ ಹುಲ್ಲಿನ ಮಾಡು. ಪಂಚನಾಮೆಗೆ ಬಂದವರ ಮುಂದೆ ಆಕೆಯ ತಂದೆ ಕೈಮುಗಿದು, ‘ನಮ್ಮ ಗುಡಿಸಲು ಸುಟ್ಟುಹೋಯಿತು ಸ್ವಾಮಿ’ ಎಂದರು. ಅದು ಬಡವನ ವಿನಯದ ಮಾತು. ಕಾಗದದಲ್ಲಿ ಅದು ತೆಲುಗಿನ ‘ಗುಡಿಸೆ’ ಎಂದಾಯಿತು. ಅವರು ಹೆಬ್ಬೆಟ್ಟು ಒತ್ತಿದರು. ಶಾಲೆಯಲ್ಲಿ ತೆಲುಗನ್ನು ಒಂದು ಭಾಷೆಯಾಗಿ ಕಲಿತಿದ್ದ ಮಗಳು ವಾರಗಳ ನಂತರ ಅದನ್ನು ಓದಿ ಹೇಳಿದಾಗಲೇ ಏನು ಬರೆದಿದೆಯೆಂಬುದು ಮನೆಯವರಿಗೆ ತಿಳಿದದ್ದು. ಅಷ್ಟರಲ್ಲಿ ಅವರು ಉಳಿದ ಗೋಡೆಗಳನ್ನು ಕೆಡವಿ ನೆಲವನ್ನು ಸಮಮಾಡಿದ್ದರು. ಅಲ್ಲಿ ಎರಡು ಕೋಣೆಗಳಿದ್ದವೆಂದು ತೋರಿಸಲು ಏನೂ ಉಳಿದಿರಲಿಲ್ಲ.

ಈ ಒಂದು ಪದಕ್ಕೆ ಅಷ್ಟೇಕೆ ಮಹತ್ವ? ಕೇಂದ್ರ ಗೃಹ ಸಚಿವಾಲಯವು 2022-23ರಿಂದ 2025-26ರ ಅವಧಿಗೆ ನಿಗದಿಪಡಿಸಿದ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳನ್ನು ನೋಡಬೇಕು. ಪ್ರವಾಹ, ಬರ, ಭೂಕಂಪಗಳ ಜೊತೆಗೆ ಬೆಂಕಿಯೂ ಆ ಪಟ್ಟಿಯಲ್ಲಿದೆ. ಬಯಲುಸೀಮೆಯಲ್ಲಿ ಪೂರ್ಣವಾಗಿ ನಾಶವಾದ ಮನೆಗೆ, ಅದು ಪಕ್ಕಾ ಆಗಿರಲಿ ಕಚ್ಚಾ ಆಗಿರಲಿ, 1,20,000 ರೂಪಾಯಿ. ನಾಶವಾದ ಗುಡಿಸಲಿಗೆ 8,000 ರೂಪಾಯಿ. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಗಳಿಂದ ಮಾಡಿದ, ಕಚ್ಚಾ ಮನೆಗಿಂತಲೂ ಕೆಳದರ್ಜೆಯ ತಾತ್ಕಾಲಿಕ ಆಸರೆಯೇ ಗುಡಿಸಲೆಂದು ಆ ಮಾನದಂಡಗಳೇ ವಿವರಿಸುತ್ತವೆ. ತಲೆಮಾರುಗಳಿಂದ ಬಾಳಿದ ಎರಡು ಕೋಣೆಗಳ ಮಣ್ಣಿನ ಮನೆ ತಾತ್ಕಾಲಿಕ ಆಸರೆಯಾಗುವುದು ಹೇಗೆ? ಆದರೂ ಪಂಚನಾಮೆಯಲ್ಲಿ ಬಿದ್ದ ಒಂದು ಪದದಿಂದ 1,12,000 ರೂಪಾಯಿಯ ಅಂತರ ಉಂಟಾಗುತ್ತದೆ.

ಎರಡನೆಯ ತೊಡಕು ಇನ್ನೂ ಆಳವಾದುದು. ಹಾನಿಗೊಂಡ ಮನೆಯು ಅಧಿಕೃತ ನಿರ್ಮಾಣವೆಂದು ಸಕ್ಷಮ ಅಧಿಕಾರಿ ದೃಢೀಕರಿಸಿರಬೇಕು ಎಂಬ ಷರತ್ತೂ ಅಲ್ಲಿದೆ. ನಮ್ಮ ಹಳ್ಳಿಗಳ ಹಳೆಯ ಮನೆಗಳು ಬಹುಪಾಲು ಗ್ರಾಮಕಂಠದ ನೆಲದಲ್ಲಿವೆ. ಅಜ್ಜ ಕಟ್ಟಿದ, ಅಪ್ಪ ಬಾಳಿದ ಮನೆಗೆ ಪತ್ರವೇಕೆ ಎಂದು ಯಾರೂ ಯೋಚಿಸಲಿಲ್ಲ. ಯಾರೂ ಕೇಳಲೂ ಇಲ್ಲ. ಇಂತಹ ಆಸ್ತಿಗಳನ್ನು ಡ್ರೋನ್‌ನಿಂದ ಅಳೆದು ಹಕ್ಕುಪತ್ರ ನೀಡಲು 2020ರಲ್ಲಿ ಸ್ವಾಮಿತ್ವ ಯೋಜನೆ ಆರಂಭವಾಯಿತು. ಆ ಪತ್ರ ಕೈಸೇರುವವರೆಗೆ ಪಂಚಾಯಿತಿಯ ಮನೆ ತೆರಿಗೆ ರಸೀದಿಯೇ ನಮ್ಮ ಆಧಾರ. ಅದು ಒಡೆತನದ ಪತ್ರವಲ್ಲ. ಆದರೆ ಅಲ್ಲಿ ಮನೆಯೊಂದಿತ್ತು ಎಂಬುದಕ್ಕೆ ಪಂಚಾಯಿತಿಯೇ ಕೊಟ್ಟ ಸಾಕ್ಷ್ಯ.

ಮರಳಿ ಕಟ್ಟುವಾಗಲೂ ಎಚ್ಚರ ಬೇಕು. ಹಳೆಯ ಜಾಗದಲ್ಲೇ ಕಟ್ಟುವುದಕ್ಕೆ ಅನುಮತಿ ಏಕೆಂದು ಅನೇಕರು ಕೇಳುತ್ತಾರೆ. 1994ರ ಪಂಚಾಯತ್ ರಾಜ್ ಕಾಯ್ದೆಯ ಹಿಡಿತಕ್ಕೆ ಹೊಸ ಕಟ್ಟಡದಂತೆ ಪುನರ್ನಿರ್ಮಾಣವೂ ಒಳಪಡುತ್ತದೆ. ಆದೋನಿ ಪಟ್ಟಣದಲ್ಲಾದರೆ ಪುರಸಭೆಗೆ ಅರ್ಜಿ ಸಲ್ಲಿಸಬೇಕು. ಅನುಮತಿಯಿಲ್ಲದೆ ಕಟ್ಟಿದ ಮನೆ ಮುಂದಿನ ಆಪತ್ತಿನಲ್ಲಿ ಮತ್ತೆ ಅನಧಿಕೃತವೆನಿಸಿಕೊಳ್ಳುವ ಅಪಾಯವಿದೆ.

2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಕಾಡ್ಗಿಚ್ಚಿಗೆ ಸಾವಿರಾರು ಮನೆಗಳು ಸುಟ್ಟವು. ಬೆಂಕಿ ಪೂರ್ತಿ ಆರುವ ಮೊದಲೇ ಕ್ಯಾಲಿಫೋರ್ನಿಯಾದ ರಾಜ್ಯಪಾಲರು, ಸುಟ್ಟ ಮನೆಗಳನ್ನು ಮರಳಿ ಕಟ್ಟುವವರಿಗೆ ಪರಿಸರ ಪರಿಶೀಲನೆ ಮತ್ತು ಕರಾವಳಿ ಪರವಾನಗಿಯ ಕೆಲವು ನಿಯಮಗಳನ್ನು ಸಡಿಲಿಸಿದರು. ಅಲ್ಲಿನ ಪ್ರಶ್ನೆ, ಅನುಮತಿ ಎಷ್ಟು ಬೇಗ ಸಿಗುತ್ತದೆ ಎಂಬುದು. ನಮ್ಮಲ್ಲಿ ಅದಕ್ಕೂ ಮೊದಲು, ಸುಟ್ಟದ್ದು ಮನೆಯೇ ಹೌದೆಂದು ಸಾಧಿಸಬೇಕಾಗಿದೆ.

ಇದರಲ್ಲಿ ಭಾಷೆಯ ಪ್ರಶ್ನೆಯೂ ಬೆರೆತಿದೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿದಾಗ ನದಿಯ ಎರಡೂ ದಡಗಳಲ್ಲಿ ಮನೆಗಳು ಕುಸಿದವು. ಆಚೆ ದಡದ ರಾಯಚೂರಿನಲ್ಲಿ ಆಡಳಿತದ ಭಾಷೆ ಕನ್ನಡ, ಈಚೆ ದಡದಲ್ಲಿ ತೆಲುಗು. ತೆಲುಗಿನ ಮೇಲೆ ನಮಗೆ ದ್ವೇಷವಿಲ್ಲ; ಅದು ನಮ್ಮ ಸಂತೆಯ ಭಾಷೆ, ನೆರೆಮನೆಯ ಭಾಷೆ. ಆದರೆ ಮಾತು ಬರುವುದು ಬೇರೆ, ಪಂಚನಾಮೆ ಓದಲು ಬರುವುದು ಬೇರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದಲೂ ನಮ್ಮ ಹಿರಿಯರು ಓದಲಾಗದ ಕಾಗದಗಳಿಗೆ ಸಹಿ ಹಾಕುತ್ತಲೇ ಬಂದಿದ್ದಾರೆ.

ಸಂವಿಧಾನದ 350ನೆಯ ವಿಧಿಯ ಪ್ರಕಾರ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಆದ್ದರಿಂದ ಸೋಮವಾರದ ಅಹವಾಲು ಸ್ವೀಕಾರದಲ್ಲಿ ಕನ್ನಡದ ಅರ್ಜಿ ಕೊಡುವುದು ನಮ್ಮ ಹಕ್ಕು. ಅದಕ್ಕೆ ತೆಲುಗು ಅನುವಾದವೊಂದನ್ನು ಲಗತ್ತಿಸಿದರೆ ಕೆಲಸ ಸುಗಮವಾಗುತ್ತದೆ. ಅನುವಾದ ಮಾಡಿಕೊಡಲು ನಾವು ಶಿಕ್ಷಕರು ಸಿದ್ಧರಿರಬೇಕು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಮುಂಭಾಗ ಮತ್ತು ಒಳಕೋಣೆಗಳ ಚಿತ್ರಗಳನ್ನು ಇಂದೇ ಮೊಬೈಲಿನಲ್ಲಿ ತೆಗೆದು ಬಂಧುಗಳಿಗೂ ಕಳುಹಿಸಿಡಿ. ತೆರಿಗೆ ರಸೀದಿ, ಆಧಾರ್, ಮಕ್ಕಳ ಅಂಕಪಟ್ಟಿಗಳ ಪ್ರತಿಗಳನ್ನು ಬೇರೊಂದು ಮನೆಯಲ್ಲಿ ಇರಿಸಿ. ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ವಲಸೆ ಹೋಗುವವರು, ಪಂಚನಾಮೆಯ ವೇಳೆ ತಮ್ಮ ಪರವಾಗಿ ನಿಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆಪತ್ತು ಬಂದರೆ ಅಳತೆ ಮತ್ತು ಚಿತ್ರ ಮುಗಿಯುವವರೆಗೆ ಗೋಡೆ ಕೆಡವಬೇಡಿ. ಓದಿಸಿ ಕೇಳದೆ ಸಹಿ ಹಾಕಬೇಡಿ. ‘ಗುಡಿಸಲು’ ಎನ್ನಬೇಡಿ, ‘ಮಣ್ಣಿನ ಗೋಡೆಯ ಮನೆ, ಇಷ್ಟು ಕೋಣೆ’ ಎಂದು ಹೇಳಿ.

ಸರ್ಕಾರದಲ್ಲಿ ಕೇಳುವುದೂ ಇದೆ. ಕನ್ನಡಿಗರು ಹೆಚ್ಚಿರುವ ಮಂಡಲಗಳಲ್ಲಿ ಪಂಚನಾಮೆಯನ್ನು ಸಹಿಗೆ ಮುನ್ನ ಕನ್ನಡದಲ್ಲಿ ಓದಿ ಹೇಳಬೇಕು. ಅದರ ಪ್ರತಿಯನ್ನು ಸ್ಥಳದಲ್ಲೇ ಕೊಡಬೇಕು. ಪರಿಹಾರದ ಈ ಮಾನದಂಡಗಳನ್ನು 2025-26ರವರೆಗಿನ ಅವಧಿಗೆ ನಿಗದಿಪಡಿಸಲಾಗಿತ್ತು. ಮುಂದಿನ ಅವಧಿಯಲ್ಲಾದರೂ ಗ್ರಾಮಕಂಠದ ಹಳೆಯ ಮನೆಗಳಿಗೆ ತೆರಿಗೆ ರಸೀದಿಯೇ ಸಾಕೆಂಬ ಸ್ಪಷ್ಟತೆ ಬರಬೇಕು.

ಅಂದು ಪಂಚನಾಮೆ ಓದಿ ಹೇಳಿದ ಆ ಹುಡುಗಿ ನಮ್ಮನ್ನು ಕೇಳಿದ್ದು ಒಂದೇ ಮಾತು: ‘ಅವತ್ತೇ ನನ್ನನ್ನು ಕರೆದಿದ್ದರೆ ಓದಿ ಹೇಳುತ್ತಿದ್ದೆನಲ್ಲವೇ ಸಾರ್?’ ಹೆತ್ತವರ ಸೂರನ್ನು ಉಳಿಸುವ ಹೊರೆ ಮಗುವಿನ ಹೆಗಲಿಗೆ ಬೀಳಬಾರದು. ಆದರೆ ಆ ದಿನ ಬರುವವರೆಗೆ, ಅಧಿಕಾರಿ ಕಾಗದ ಹಿಡಿದು ಬಂದಾಗ, ಓದು ಬಲ್ಲ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳೋಣ.