ಒಂದು ಅಗ್ಗದ ಎಲೆಯ ಮೌಲ್ಯಮಾಪನ

ಬೀಜಗಣಿತ ಕಲಿಸಿ ನಿವೃತ್ತನಾದ ಮೇಷ್ಟ್ರು ಎಲೆಯಾಟದ ವಿಷಯ ಬರೆಯಲು ಹೊರಟಿದ್ದಾನೆಂದು ಹುಬ್ಬೇರಿಸಬೇಡಿ. ಇದು ಹಣ ಕಟ್ಟಿ ಆಡುವ ಇಸ್ಪೀಟಲ್ಲ. ಅಮೆರಿಕದ ಸಿಯಾಟಲ್ ಸಮೀಪ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ ಹದಿಮೂರು ವರ್ಷದ ಮೊಮ್ಮಗ ನನಗೆ ಹಟ ಹಿಡಿದು ಕಲಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ. 1993ರಲ್ಲಿ ಪ್ರಕಟವಾದ ಈ ಆಟವನ್ನು ರೂಪಿಸಿದ ರಿಚರ್ಡ್ ಗಾರ್‌ಫೀಲ್ಡ್ ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದವರೆಂದು ತಿಳಿದ ಮೇಲೆ ನನಗೂ ತುಸು ಗೌರವ ಹುಟ್ಟಿತು. ಈ ಆಟದ ಒಂದು ಸಣ್ಣ ಎಲೆಯ ವಿಷಯದಲ್ಲಿ ತಾತ ಮೊಮ್ಮಗನ ನಡುವೆ ಎದ್ದ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಪಕ್ಷವನ್ನು ಇಲ್ಲಿ ಮಂಡಿಸುತ್ತೇನೆ.

ಆಟ ಅರಿಯದವರಿಗೆ ಸಂಕ್ಷೇಪವಾಗಿ ಹೇಳುವುದಾದರೆ, ಪ್ರತಿ ಆಟಗಾರನಿಗೂ 20 ಪ್ರಾಣಾಂಕಗಳಿರುತ್ತವೆ. ಎದುರಾಳಿಯ ಪ್ರಾಣಾಂಕವನ್ನು ಸೊನ್ನೆಗಿಳಿಸುವುದು ಗುರಿ. ಕನಿಷ್ಠ 60 ಎಲೆಗಳ ಕಟ್ಟನ್ನು ಆಟಗಾರನೇ ಆರಿಸಿ ತರಬೇಕು. ಸರದಿಗೆ ಒಂದರಂತೆ ಭೂಮಿಯ ಎಲೆಯನ್ನು ಇಳಿಸಬಹುದು. ಇಳಿದ ಒಂದೊಂದು ಭೂಮಿಯೂ ಪ್ರತಿ ಸರದಿಯಲ್ಲಿ ಒಂದು ‘ಮಾನಾ’ ಕೊಡುತ್ತದೆ. ಮಾನಾ ಎಂದರೆ ಕೈಖರ್ಚಿನ ದುಡ್ಡೆಂದು ತಿಳಿಯಿರಿ. ಅದನ್ನು ತೆತ್ತು ಜೀವಿಗಳನ್ನು ಕರೆಸಬೇಕು, ಮಂತ್ರಗಳನ್ನು ಪ್ರಯೋಗಿಸಬೇಕು. ಜೀವಿಯ ಎಲೆಯ ಕೆಳಗಿನ ಬಲಮೂಲೆಯಲ್ಲಿ ಎರಡು ಅಂಕೆಗಳಿರುತ್ತವೆ: ಮೊದಲನೆಯದು ಹೊಡೆತದ ಬಲ, ಎರಡನೆಯದು ಅದು ತಾಳಬಲ್ಲ ಪೆಟ್ಟು.

ಹಳೆಯ ಅಭ್ಯಾಸ ಬಿಡುವುದುಂಟೆ? ಮೊದಲ ವಾರವೇ ನಾನು ಕಾಗದದ ಮೇಲೆ ಪಟ್ಟಿ ಹಾಕಿದೆ. ಎರಡು ಅಂಕೆಗಳನ್ನೂ ಕೂಡಿಸಿ ಬೆಲೆಯಿಂದ ಭಾಗಿಸಿದರೆ ಎಲೆಯ ಯೋಗ್ಯತೆ ತಿಳಿಯುವುದೆಂದು ನನ್ನ ಎಣಿಕೆ. ‘ಗ್ರಿಜ್ಲಿ ಬೇರ್ಸ್’ ಎಂಬ ಕರಡಿಗೆ ಬೆಲೆ ಎರಡು ಮಾನಾ, ಬಲ ಎರಡು, ತಾಳಿಕೆ ಎರಡು, ಭಾಗಲಬ್ಧ 2. ಒಂದು ಮಾನಾದ ‘ಲಾನೊವಾರ್ ಎಲ್ವ್ಸ್’ಗೆ ಬಲ ಒಂದು, ತಾಳಿಕೆ ಒಂದು, ಭಾಗಲಬ್ಧ ಮತ್ತೆ 2. ಆರು ಮಾನಾ ತೆತ್ತು ಆರು ಬಲ, ಆರು ತಾಳಿಕೆಯ ದೈತ್ಯನನ್ನು ಕರೆಸಿದರೂ 2. ಮೊಮ್ಮಗ ಪಟ್ಟಿಯನ್ನು ನೋಡಿ, “ತಾತ, ಹಾಗಾದರೆ ಎಲ್ಲವೂ ಒಂದೇನಾ?” ಎಂದು ನಕ್ಕ. ನಿಮ್ಮ ಅಂಕಪಟ್ಟಿಗಳ ಷರಾ ಅಂಕಣದಲ್ಲಿ ‘ಸಾಧಾರಣ’ ಎಂದು ಬರೆದ ಕೈ ಇದೇ ಎಂಬುದು ಆ ಕ್ಷಣ ನೆನಪಾಗಿ, ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ನಮ್ಮ ವ್ಯಾಜ್ಯದ ಎಲೆ ಈ ಲಾನೊವಾರ್ ಎಲ್ವ್ಸ್. ಎಲ್ಫ್ ಎಂದರೆ ನಮ್ಮ ಕಿನ್ನರರನ್ನು ಹೋಲುವ ವನವಾಸಿಗಳು. ನಾನು ಕಿನ್ನರನೆಂದೇ ಕರೆಯುತ್ತೇನೆ. ಆಟದ ಮೊಟ್ಟಮೊದಲ ಮುದ್ರಣದಲ್ಲಿಯೇ ಇದ್ದ ಎಲೆ ಇದು. ಅಂದೂ ಸಾಮಾನ್ಯ ದರ್ಜೆಯದು, 2024ರ ‘ಫೌಂಡೇಷನ್ಸ್’ ಸಂಚಿಕೆಯಲ್ಲಿಯೂ ಸಾಮಾನ್ಯ ದರ್ಜೆಯದೇ. ಅದರ ಕಸುಬು ಒಂದೇ: ಇಳಿದ ಮರು ಸರದಿಯಿಂದ ಸರದಿಗೊಂದು ಹಸಿರು ಮಾನಾ ದುಡಿದು ಕೊಡುವುದು. ಅಂದರೆ ನಡೆದಾಡುವ ಒಂದು ತುಂಡು ಭೂಮಿ.

ಲೆಕ್ಕ ನೋಡಿ. ಪ್ರತಿ ಸರದಿಯೂ ಭೂಮಿ ಸಿಕ್ಕಿತೆಂದು ಇಟ್ಟುಕೊಂಡರೆ, ಕಿನ್ನರನಿಲ್ಲದವನಿಗೆ ನಾಲ್ಕು ಸರದಿಗಳಲ್ಲಿ 1, 2, 3, 4, ಒಟ್ಟು 10 ಮಾನಾ. ಮೊದಲ ಸರದಿಯ ಒಂದು ಮಾನಾವನ್ನು ಕಿನ್ನರನಿಗೆ ತೆತ್ತವನಿಗೆ ಮುಂದೆ 3, 4, 5, ಒಟ್ಟು 12. ಎರಡನೆಯ ಸರದಿಯಲ್ಲಿಯೇ ಅಸಲು ಮರಳಿತು, ಮೂರನೆಯದರಿಂದ ಬಡ್ಡಿ. ಬಡ್ಡಿಗಿಂತಲೂ ದೊಡ್ಡದು ಸಮಯ: ಮೂರು ಮಾನಾದ ಜೀವಿ ಎರಡನೆಯ ಸರದಿಯಲ್ಲಿಯೇ ಅಂಗಳಕ್ಕಿಳಿಯುತ್ತದೆ, ಎದುರಾಳಿ ಇನ್ನೂ ಎರಡು ಮಾನಾ ಎಣಿಸುತ್ತಿರುವಾಗ. ಇದೇ ಕಿನ್ನರ ಎಂಟನೆಯ ಸರದಿಯಲ್ಲಿ ಕೈಗೆ ಬಂದರೆ? ಆಗ ಕೈಯಲ್ಲಿ ಎಲೆಗಳೇ ಇರುವುದಿಲ್ಲ, ಮಾನಾ ಕೊಳೆಯುತ್ತಿರುತ್ತದೆ. ಒಮ್ಮೆ ದೊಡ್ಡ ಪ್ರಾಣಿಗೆ ಅಡ್ಡ ನಿಂತು ಸಾಯುವುದಷ್ಟೇ ಅದರಿಂದಾಗುವ ಉಪಕಾರ. ಹದ ಮೀರಿದ ಮೇಲೆ ಬಿತ್ತಿದ ರಾಗಿ.

ಹೀಗಿರುವಾಗ ಮೊದಲಿಗೇ ಅದು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಕೇಳಲೇಬೇಕು. ಒಂದೇ ಹೆಸರಿನ ಎಲೆಯನ್ನು ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ (ಮೂಲ ಭೂಮಿಗಳಿಗೆ ಈ ನಿರ್ಬಂಧವಿಲ್ಲ). 60ರಲ್ಲಿ 4 ಕಿನ್ನರರಿದ್ದರೆ ಮೊದಲು ಎತ್ತುವ 7 ಎಲೆಗಳಲ್ಲಿ ಒಬ್ಬನಾದರೂ ಇರುವ ಸಂಭವನೀಯತೆ ಸುಮಾರು ಶೇಕಡಾ 40. ನಿಮ್ಮಲ್ಲಿ ಕೆಲವರಿಗೆ ಸಂಯೋಜನೆಯ ಸೂತ್ರ ನೆನಪಿದ್ದೀತು, ಮಾಡಿ ನೋಡಿ. 2013ರಲ್ಲಿ ಬಂದ ‘ಎಲ್ವಿಶ್ ಮಿಸ್ಟಿಕ್’ ಹೆಸರಿನ ಹೊರತು ಇದರ ಪಡಿಯಚ್ಚು. ಅದರ ನಾಲ್ಕನ್ನೂ ಸೇರಿಸಿ 8 ಮಾಡಿದರೆ ಸುಮಾರು ಶೇಕಡಾ 65. ಆದರೆ ಮೊದಲಿಗೆ ಬರಲೆಂದು ಎಂಟು ಇಟ್ಟವನಿಗೆ ಕೊನೆಯಲ್ಲಿ ಕೆಲಸಕ್ಕೆ ಬಾರದೆ ಬರುವವೂ ಎಂಟರೊಳಗಿನವೇ. ಈ ಎಲೆಯನ್ನು ಹೊಗಳುವವರು ಹೇಳದೆ ಬಿಡುವ ಮಾತು ಇದು. ಮೊದಲ ಸರದಿಯ ಚೆಲುವನ್ನಷ್ಟೇ ಹೇಳಿ, ಎಂಟನೆಯ ಸರದಿಯ ಪೇಚನ್ನು ಮುಚ್ಚಿಡುತ್ತಾರೆ.

ಮೊಮ್ಮಗನ ಆಕ್ಷೇಪ ಮಾತ್ರ ಬೇರೆಯದು. ಅವನು ಕೆಂಪು ಕಟ್ಟಿನವನು. ಅವನ ಬಳಿ ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲಿದೆ. ಒಂದು ಮಾನಾಕ್ಕೆ ಮೂರು ಪೆಟ್ಟು, ಯಾರಿಗಾದರೂ ಹೊಡೆಯಬಹುದು. “ಇಳಿಸಿದ ಕೂಡಲೇ ಸಾಯುತ್ತೆ, ಅಂಥದ್ದು ಯಾಕೆ ತಾತ?” ಎನ್ನುತ್ತಾನೆ. ಒಂದು ಸಂಜೆ ಅವನ ಮಾತೇ ನಿಜವಾಯಿತು. ಏಳು ಎಲೆಗಳಲ್ಲಿ ನನಗೆ ಬಂದದ್ದು ಒಂದು ಕಾಡು, ಒಬ್ಬ ಕಿನ್ನರ, ಉಳಿದವು ಬೆಲೆಬಾಳುವ ಪ್ರಾಣಿಗಳು. ಕಲಸಿ ಮತ್ತೆ ಎತ್ತಬಹುದಿತ್ತು, ಒಂದು ಎಲೆ ಕಡಿಮೆಯಾಗುತ್ತಿತ್ತು ಅಷ್ಟೆ. ಕಿನ್ನರನಿದ್ದಾನಲ್ಲ ಎಂಬ ಧೈರ್ಯದಿಂದ ಅದನ್ನೇ ಇಟ್ಟುಕೊಂಡೆ. ಸಿಡಿಲು ಬಡಿಯಿತು. ಮೂರು ಸರದಿಗಳವರೆಗೆ ಎರಡನೆಯ ಭೂಮಿಯ ಮುಖ ಕಾಣಲಿಲ್ಲ. ಅಷ್ಟರಲ್ಲಿ ಆಟ ಮುಗಿದಿತ್ತು. ಮಗಳು ಅಡುಗೆಮನೆಯಿಂದಲೇ, “ಅಪ್ಪ, ಸೋತಿರಾ?” ಎಂದಳು.

ರಾತ್ರಿ ಲೆಕ್ಕ ಹಾಕಿದೆ. ನನ್ನ ಕಟ್ಟಿನಲ್ಲಿ ಭೂಮಿಗಳು 22. ಎರಡನೆಯವನಾಗಿ ಆಡುತ್ತಿದ್ದುದರಿಂದ ಎರಡನೆಯ ಸರದಿಯೊಳಗೆ ಎರಡು ಎಲೆ ಎತ್ತುತ್ತಿದ್ದೆ. ಆ ಎರಡೂ ಭೂಮಿಯಲ್ಲದಿರುವ ಸಂಭವನೀಯತೆ ಸುಮಾರು ಶೇಕಡಾ 36. ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಮುಗ್ಗರಿಸುವ ದಾರಿಯನ್ನು ಆರಿಸಿದವನು ನಾನು, ಅಪವಾದ ಹೊತ್ತವನು ಕಿನ್ನರ. ಬದಲಿಗೆ ಕೈಯಲ್ಲಿ ಮೂರು ಭೂಮಿಗಳಿದ್ದು ಕಿನ್ನರ ಸತ್ತಿದ್ದರೆ ನಷ್ಟವೇನು? ನನ್ನದು ಒಂದು ಎಲೆ, ಒಂದು ಮಾನಾ. ಅವನದೂ ಒಂದು ಎಲೆ, ಒಂದು ಮಾನಾ. ಮೇಲಾಗಿ, ನನ್ನ ಮುಂದಿನ ಮೂರು ತಾಳಿಕೆಯ ಜೀವಿಗೋ ನೇರವಾಗಿ ನನ್ನ 20 ಪ್ರಾಣಾಂಕಗಳಿಗೋ ಬೀಳಬೇಕಾಗಿದ್ದ ಸಿಡಿಲು ವ್ಯಯವಾಯಿತು. ಸಾಯುವ ಎಲೆ ಕೆಟ್ಟದ್ದೆನ್ನುವ ಮುನ್ನ, ಸಾಯುವಾಗ ಎದುರಾಳಿಯಿಂದ ಏನನ್ನು ಕಿತ್ತುಕೊಂಡಿತೆಂದು ನೋಡಬೇಡವೇ?

ಮೂಲೆಯ ಅಂಕೆಗಳು ಎಷ್ಟು ಮೋಸ ಮಾಡುತ್ತವೆ ಎಂಬುದಕ್ಕೆ ಇನ್ನೊಂದು ಜೋಡಿಯನ್ನು ತೋರಿಸುತ್ತೇನೆ. 1993ರ ‘ಸವಾನಾ ಲಯನ್ಸ್’ ಒಂದು ಮಾನಾದ ಸಿಂಹ. ಬಲ ಎರಡು, ತಾಳಿಕೆ ಒಂದು. ಆ ಕಾಲಕ್ಕೆ ಇದು ಅಪರೂಪದ ದರ್ಜೆಯ ಎಲೆಯಾಗಿತ್ತು. ಮುಂದೆ ಸಾಮಾನ್ಯ ದರ್ಜೆಗೆ ಇಳಿಯಿತು. 2021ರಲ್ಲಿ ಬಂದ ‘ರಾಗವನ್’ ಕೂಡ ಒಂದು ಮಾನಾ, ಬಲ ಎರಡು, ತಾಳಿಕೆ ಒಂದು. ಅದೊಂದು ಕಪಿ, ಭಾರತದ ಛಾಯೆಯಲ್ಲಿ ಕಲ್ಪಿಸಿದ, ಆಗ ಕಾಲದೇಶ್ ಎನಿಸಿಕೊಂಡಿದ್ದ ಲೋಕದ ಪ್ರಾಣಿ. (ರಾಘವನ ಹೆಸರು ಕಪಿಗೇ ಬಂದದ್ದನ್ನು ಕಂಡು ನನ್ನಾಕೆ ಬಹಳ ಹೊತ್ತು ನಕ್ಕಳು.) ಕಪಿಯ ಪೆಟ್ಟು ಎದುರಾಳಿಗೆ ತಗುಲಿದರೆ ಅದು ಒಂದು ಮಾನಾದ ನಿಧಿಯನ್ನು ತರುತ್ತದೆ, ಜೊತೆಗೆ ಎದುರಾಳಿಯ ಕಟ್ಟಿನ ಮೇಲಿನ ಎಲೆಯನ್ನೂ ಕದ್ದು, ಆ ಸರದಿಯಲ್ಲಿ ಬೇಕಿದ್ದರೆ ಅದನ್ನು ಪ್ರಯೋಗಿಸಲು ಬಿಡುತ್ತದೆ. 2022ರ ಜನವರಿಯಲ್ಲಿ ‘ಲೆಗಸಿ’ ಎಂಬ ಪಂದ್ಯಪದ್ಧತಿಯಿಂದ ಇದನ್ನು ನಿಷೇಧಿಸಬೇಕಾಯಿತು. ನನ್ನ ಸೂತ್ರದ ಪ್ರಕಾರ ಸಿಂಹಕ್ಕೂ ಕಪಿಗೂ 3 ಅಂಕ, ಸಮಸಮ! ಸಿಂಹವಾದರೂ ಮೊದಲ ಸರದಿಯಲ್ಲಿ ಇಳಿದು ಅಡ್ಡಿಯಿಲ್ಲದೆ ನುಗ್ಗಿದರೆ ಐದನೆಯ ಸರದಿಗೆ 8 ಪ್ರಾಣಾಂಕ ಕಚ್ಚುತ್ತದೆ. ಆರನೆಯದರಲ್ಲಿ ಇಳಿದರೆ ಯಾವುದೋ ದೊಡ್ಡ ಪ್ರಾಣಿಯ ಮುಂದೆ ಬಾಲ ಮುದುರಿ ಕೂರುತ್ತದೆ. ಕರಡಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಬೇಗ ಬಂದರೂ ತಡವಾಗಿ ಬಂದರೂ ಅದು ಕರಡಿಯೇ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುವುದಿಲ್ಲ. ಮೂರು ಮಾನಾದ ಒಳ್ಳೆಯ ಜೀವಿಗಳು ತುಂಬಿರುವ ಹಸಿರು ಕಟ್ಟಿಗೆ ನಾಲ್ಕು ಕಿನ್ನರರು ಬೇಕೇ ಬೇಕು. ಎರಡು ಮಾನಾದ ಎಲೆಗಳಿಂದಲೇ ಕಟ್ಟಿದ್ದಾದರೆ ಬೇಡ. ಬೇಗ ದುಡಿದು ಕೊಟ್ಟದ್ದನ್ನು ಖರ್ಚು ಮಾಡಲು ಅಲ್ಲಿ ಏನೂ ಇರುವುದಿಲ್ಲ. ಮೊಮ್ಮಗ ಇದನ್ನು ಇನ್ನೂ ಒಪ್ಪಿಲ್ಲ.

ಹೊರಡುವ ಹಿಂದಿನ ರಾತ್ರಿ ಕೊನೆಯ ಆಟ ಆಡಿದೆವು. ಮೊದಲ ಸರದಿಯಲ್ಲಿ ಕಾಡು ಇಳಿಸಿ ಕಿನ್ನರನನ್ನು ಕರೆಸಿದೆ. ಹಿಂದೆಲ್ಲ ಅವನು ಉಸಿರು ಬಿಡುವುದರೊಳಗೆ ಸಿಡಿಲನ್ನು ಎಸೆಯುತ್ತಿದ್ದ. ಅಂದು ಎಲೆಯನ್ನು ಅರ್ಧಕ್ಕೆ ಎತ್ತಿ, ನನ್ನ ಮುಖ ನೋಡಿ, ಮತ್ತೆ ಕೈಯೊಳಗೆ ಸೇರಿಸಿಕೊಂಡ. “ನಿಮ್ಮ ಕೈಯಲ್ಲಿ ಭೂಮಿ ಎಷ್ಟಿದೆ ತಾತ?” ಎಂದ.

ಹೇಳಲಿಲ್ಲ.