ಷೇರು ಪೇಟೆಗೆ ಹೋಗುವ ಮುನ್ನ ವಹಿ ಪಕ್ಕಾ ಇರಬೇಕು: ರೇಣುಕಾ ಶುಗರ್ಸ್ ಕಲಿಸುವ ಪಾಠ

ಚಿಕ್ಕೋಡಿ: ಐಪಿಒ ಅಂದರೆ ಮುಂಬೈ, ಬೆಂಗಳೂರಿನ ದೊಡ್ಡವರ ವ್ಯವಹಾರ ಅಂತ ನಮ್ಮ ಭಾಗದ ಬಹಳ ಜನ ತಿಳಿದಿದ್ದಾರೆ. ಆದರೆ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿರುವ ಉಗಾರ ಶುಗರ್ ಕಂಪನಿಯ ಷೇರು ಹಲವು ವರ್ಷಗಳಿಂದ ಪೇಟೆಯಲ್ಲಿದೆ. ಅಥಣಿ ತಾಲೂಕಿನ ಬುರ್ಲಟ್ಟಿಯಲ್ಲಿ ಕಾರ್ಖಾನೆ ನಡೆಸುವ, ರಾಯಬಾಗದ ಸಹಕಾರಿ ಕಾರ್ಖಾನೆಯನ್ನು ಲೀಸ್ ಮೇಲೆ ಪಡೆದ ಶ್ರೀ ರೇಣುಕಾ ಶುಗರ್ಸ್ ಕೂಡ ಷೇರು ಪೇಟೆಯ ಕಂಪನಿಯೇ.

ರೇಣುಕಾ ಒಂದು ಕಾಲಕ್ಕೆ ಈಗಿನ ಮಾತಿನಲ್ಲಿ ಹೇಳುವ ಸ್ಟಾರ್ಟಪ್. ಬೆಳಗಾವಿಯ ನರೇಂದ್ರ ಮುರಕುಂಬಿ ಮತ್ತು ತಾಯಿ ವಿದ್ಯಾ ಮುರಕುಂಬಿ 1998ರಲ್ಲಿ ನಿಜಾಮ್ ಶುಗರ್ಸ್‌ನ ಹಿಂದೂಪುರ ಘಟಕ ಖರೀದಿಸಿ, ಯಂತ್ರಗಳನ್ನು ಮುನವಳ್ಳಿಗೆ ತಂದು ಕೂರಿಸಿದರು. ಕಬ್ಬು ಬೆಳೆಗಾರರಿಂದಲೂ ಷೇರು ಹಣ ಸಂಗ್ರಹಿಸಿದರು. ಐಪಿಒ ಬಂದದ್ದು 2005ರ ಅಕ್ಟೋಬರ್‌ನಲ್ಲಿ, ಒಂದು ಷೇರಿಗೆ 285 ರೂಪಾಯಿಯಂತೆ. ನಡುವೆ ಹೋದದ್ದು ಏಳು ವರ್ಷ.

ಪೇಟೆಗೆ ಹೋಗುವ ಕಂಪನಿ ಮೊದಲು ತನ್ನ ಲೆಕ್ಕ ಬಿಚ್ಚಿಡಬೇಕು. ಮೂರು ವರ್ಷದ ಆಡಿಟ್ ಆದ ಲೆಕ್ಕ, ಸಾಲ ಎಷ್ಟು, ಕೋರ್ಟ್ ಕೇಸ್ ಎಷ್ಟು, ಮಾಲೀಕರ ಅಣ್ಣ-ತಮ್ಮಂದಿರ ಸಂಸ್ಥೆಗಳ ಜತೆ ಕೊಡು-ಕೊಳ್ಳು ಏನಿದೆ, ಎಲ್ಲವನ್ನೂ ಬರೆದು ಜನರ ಮುಂದೆ ಇಡಬೇಕು. ಮನೆಯವರಲ್ಲದ ಸ್ವತಂತ್ರ ನಿರ್ದೇಶಕರನ್ನು ಆಡಳಿತ ಮಂಡಳಿಯಲ್ಲಿ ಕೂರಿಸಬೇಕು.

ಸಣ್ಣ ಕಂಪನಿಗಳಿಗೆಂದೇ 2012ರಿಂದ ಬಿಎಸ್‌ಇ ಮತ್ತು ಎನ್‌ಎಸ್‌ಇಗಳಲ್ಲಿ ಎಸ್‌ಎಂಇ ವೇದಿಕೆ ಇದೆ. ಐಪಿಒ ನಂತರದ ಷೇರು ಬಂಡವಾಳ 25 ಕೋಟಿ ದಾಟಬಾರದು. 2025ರಲ್ಲಿ ಸೆಬಿ ನಿಯಮ ಬಿಗಿ ಮಾಡಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ವ್ಯವಹಾರದಿಂದ 1 ಕೋಟಿ ಲಾಭ ಬಂದಿರಬೇಕು. ಜನರಿಂದ ಬಂದ ಹಣದಲ್ಲಿ ಮಾಲೀಕರು ತಾವೇ ಕಂಪನಿಗೆ ಕೊಟ್ಟ ಸಾಲ ತೀರಿಸಿಕೊಳ್ಳುವಂತಿಲ್ಲ. ಹಳೇ ಮಾಲೀಕರು ಮಾರುವ ಷೇರು ಒಟ್ಟು ಐಪಿಒದ ಶೇ 20 ಮೀರುವಂತಿಲ್ಲ.

ನಿಪ್ಪಾಣಿಯ ತಂಬಾಕು ವ್ಯಾಪಾರ ಇರಲಿ, ಅಥಣಿಯ ಚಪ್ಪಲಿ ಇರಲಿ, ನಮ್ಮಲ್ಲಿ ಒಳ್ಳೆಯ ವ್ಯವಹಾರಕ್ಕೆ ಕೊರತೆ ಇಲ್ಲ. ಆದರೆ ಕಚ್ಚಾ ಚೀಟಿ, ಉದ್ರಿ ವಹಿ, ಮನೆ ಖರ್ಚು ಅಂಗಡಿ ಗಲ್ಲಾದಿಂದಲೇ ಅನ್ನುವ ರೂಢಿ ಇದ್ದರೆ ಯಾವ ಸಿ.ಎ.ಯೂ ಮೂರು ವರ್ಷದ ಲೆಕ್ಕಕ್ಕೆ ಸಹಿ ಹಾಕುವುದು ಕಷ್ಟ. ಐಪಿಒ ಬೇಡ ಅನ್ನುವವರಿಗೂ ಇದು ಲಾಭದ ಮಾತು. ವಹಿ ಪಕ್ಕಾ ಇದ್ದವರಿಗೆ ಬ್ಯಾಂಕ್ ಸಾಲ ಸಲೀಸು.

ಪೇಟೆಗೆ ಹೋದರೆ ರೈತರಿಗೂ ಒಂದು ಅನುಕೂಲ ಇದೆ. ಸಹಕಾರಿ ಕಾರ್ಖಾನೆಯ ಸದಸ್ಯನಿಗೆ ಲೆಕ್ಕ ಸಿಗುವುದು ವರ್ಷಕ್ಕೊಮ್ಮೆ, ವಾರ್ಷಿಕ ಸಭೆಯಲ್ಲಿ. ರೇಣುಕಾದಂಥ ಷೇರು ಪೇಟೆಯ ಕಂಪನಿ ಮೂರು ತಿಂಗಳಿಗೊಮ್ಮೆ ಲಾಭ-ನಷ್ಟ ಪ್ರಕಟಿಸಲೇಬೇಕು. ಕಬ್ಬಿನ ಬಿಲ್ ತಡವಾದಾಗ ಕಾರ್ಖಾನೆ ಹೇಳುವ ಕಾರಣ ಖರೆ ಅದಾ ಸುಳ್ಳಾ ಅಂತ ಬುರ್ಲಟ್ಟಿಯ ರೈತ ಮೊಬೈಲ್‌ನಲ್ಲೇ ತಾಳೆ ನೋಡಬಹುದು.

ಇನ್ನೊಂದು ಮಗ್ಗುಲೂ ಇದೆ. ಸಹಕಾರಿಯಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ, ಕಂಪನಿಯಲ್ಲಿ ಒಂದು ಷೇರಿಗೆ ಒಂದು ಮತ. ರೇಣುಕಾ 2010ರಲ್ಲಿ ಬ್ರೆಜಿಲ್‌ನ ಕಾರ್ಖಾನೆಗಳನ್ನು ಖರೀದಿಸಿತು, ಸಾಲದ ಹೊರೆ ಏರಿತು. 2018ರಲ್ಲಿ ಕಂಪನಿ ಸಿಂಗಪುರದ ವಿಲ್ಮರ್ ಕೈಗೆ ಹೋಯಿತು. ಕಬ್ಬು ಈಗಲೂ ಇಲ್ಲಿನದೇ, ತೀರ್ಮಾನ ಮಾತ್ರ ಹೊರಗಿನವರದು. ಆರಂಭದಲ್ಲಿ ಷೇರು ತೆಗೆದುಕೊಂಡ ರೈತನ ನಾಲ್ಕು ಷೇರಿನ ಮತ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪೇಟೆಗೆ ಹೋಗಬೇಕು ಅನ್ನುವ ಉದ್ಯಮಿ ಇದನ್ನು ಮೊದಲೇ ಯೋಚಿಸಬೇಕು.

ಷೇರು ಕೊಳ್ಳುವವರಿಗೂ ಒಂದು ಮಾತು. ಎಸ್‌ಎಂಇ ಐಪಿಒಗೆ ಈಗ ಕನಿಷ್ಠ 2 ಲಕ್ಷಕ್ಕಿಂತ ಹೆಚ್ಚು ಹಣ ಹಾಕಬೇಕು. ವಾಟ್ಸಾಪ್ ಗ್ರೂಪಿನ ಟಿಪ್ ನಂಬಿ ದೀಪಾವಳಿ ಸ್ಟಾಕಿನ ದುಡ್ಡು ಅಲ್ಲಿ ಇಟ್ಟರೆ ಅಂಗಡಿ ಖಾಲಿಯಾದೀತು. ಕಂಪನಿಯ ದಾಖಲೆಯಲ್ಲಿ ಹಣ ಯಾವುದಕ್ಕೆ ಬಳಸುತ್ತೇವೆ ಎಂದು ಬರೆದ ಭಾಗ ಇರುತ್ತದೆ. ಹೊಸ ಯಂತ್ರಕ್ಕೋ, ಸಾಲ ತೀರಿಸಲಿಕ್ಕೋ, ಹಳೇ ಮಾಲೀಕರ ಜೇಬಿಗೋ? ಅರ್ಜಿ ಹಾಕುವ ಮೊದಲು ಆ ಒಂದು ಪುಟವನ್ನಾದರೂ ಓದಬೇಕು.