ಕ್ಯಾಮೆರಾ ಇರುವ ಕಡೆ ಮಾತ್ರ ನಿಧಾನ

ನಮ್ಮ ಪಕ್ಕದ ಮನೆಯವರು ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. ಅಂಥವರು ಮೊನ್ನೆ ಸಂಜೆ ಮೊಬೈಲು ಹಿಡಿದುಕೊಂಡು ದಡದಡನೆ ಒಳಗೆ ಬಂದು, "ನೋಡಿ ಮೇಷ್ಟ್ರೇ, ಇದು ಹಗಲು ದರೋಡೆ ಅಲ್ಲವಾ?" ಅಂದರು. ಹಿಂದಿನ ವಾರ ನಾದಿನಿಯ ಮನೆ ಗೃಹಪ್ರವೇಶಕ್ಕೆಂದು ಸಂಸಾರ ಸಮೇತ ಕಾರಿನಲ್ಲಿ ಮೈಸೂರಿಗೆ ಹೋಗಿಬಂದಿದ್ದರು. ಈಗ ಎರಡು ಸಂದೇಶ ಬಂದಿವೆ. ಹೋಗುವಾಗ ಗಂಟೆಗೆ 118 ಕಿಲೋಮೀಟರ್, ಬರುವಾಗ 121. ಮಿತಿ ಇರುವುದು 100. ಒಂದೊಂದಕ್ಕೆ ಸಾವಿರ ರೂಪಾಯಿ ದಂಡ.

"ಆರು ಪಥದ ರಸ್ತೆ ಮಾಡಿದ್ದಾರೆ, ಅದಕ್ಕೆ ಸುಂಕ ಕಿತ್ತುಕೊಳ್ಳುತ್ತಾರೆ, ಆಮೇಲೆ ಜೋರಾಗಿ ಹೋಗಬೇಡಿ ಅಂತಾರೆ. ನೂರರಲ್ಲಿ ಹೋದರೆ ಹಿಂದಿನವನು ಹಾರ್ನ್ ಹೊಡೆದೇ ಸಾಯಿಸುತ್ತಾನೆ. ಎಲ್ಲರೂ ಹೋದ ಹಾಗೆ ನಾನೂ ಹೋದೆ. ಯಾರಿಗೆ ಏನು ತೊಂದರೆ ಆಯಿತು ಹೇಳಿ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಕಾಫಿ ಬಂದ ಮೇಲೆ ಸ್ವಲ್ಪ ತಣ್ಣಗಾದರು. "ಇರಲಿ ಬಿಡಿ, ಅರ್ಧ ರಿಯಾಯಿತಿ ಬಂದೇ ಬರುತ್ತೆ. ಆಗ ಕಟ್ಟಿದರಾಯಿತು" ಎಂದರು.

ಅವರ ಹಿಂದೆಯೇ ಬಂದಿದ್ದ ಮಗಳು ಎರಡನೇ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಅಷ್ಟು ಹೊತ್ತು ಸುಮ್ಮನಿದ್ದವಳು, "ಅಪ್ಪ, ನಮ್ಮ ಕಾಲೇಜಲ್ಲಿ ಫೀಸು ತಡವಾಗಿ ಕಟ್ಟಿದರೆ ದಂಡ ಜಾಸ್ತಿ ಆಗುತ್ತೆ. ನಿಮಗೆ ತಡ ಮಾಡಿದರೆ ಕಡಿಮೆ ಆಗುತ್ತಲ್ಲ, ಅದು ಹೇಗೆ?" ಎಂದಳು. ಅಪ್ಪ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಅವಳ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಅಪ್ಪನ ಸಿಟ್ಟಿನ ಮಾತು. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರಸ್ತೆಗಳಲ್ಲಿ ಇಂಥ ಕ್ಯಾಮೆರಾ ಇಡುವ ಬಗ್ಗೆ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ನಿಯಮ ಮಾಡಿತು. ಕ್ಯಾಮೆರಾ ಇದೆ ಎನ್ನುವ ಫಲಕ ಮುಂಚೆಯೇ ಕಣ್ಣಿಗೆ ಬೀಳುವಂತೆ ಇರಬೇಕು, ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ತಪ್ಪು ನಡೆದ ಹದಿನೈದು ದಿನದೊಳಗೆ ನೋಟಿಸು ಕಳಿಸಬೇಕು ಎಂದು ಅದು ಹೇಳಿತು. ಇವೆಲ್ಲ ಚಾಲಕನ ಹಕ್ಕುಗಳೇ. ಮಿತಿ ಎಷ್ಟೆಂದು ಬರೆಯದೆ, ಬರೆದದ್ದು ಮರದ ಕೊಂಬೆಯ ಹಿಂದೆ ಅಡಗಿದ್ದು, ನಡುವೆ ಥಟ್ಟನೆ 80ಕ್ಕೋ 60ಕ್ಕೋ ಇಳಿಸಿದ ಕಡೆ ಫೋಟೊ ತೆಗೆದರೆ ಯಾರಿಗಾದರೂ ರೇಗುತ್ತದೆ. ಅಂಥ ದಂಡ ಬಂದರೆ ಫೋಟೊ ತರಿಸಿಕೊಂಡು, ಗಾಡಿಯ ನಂಬರು, ಜಾಗ, ಸಮಯ ನೋಡಿ ತಕರಾರು ಸಲ್ಲಿಸುವುದರಲ್ಲಿ ತಪ್ಪೇನೂ ಇಲ್ಲ. ನಂಬರು ಓದುವುದು ಯಂತ್ರ. ಅದೂ ತಪ್ಪಬಹುದು.

ಈ ಸಿಟ್ಟು ನಮ್ಮ ದೇಶದ್ದು ಮಾತ್ರ ಅಲ್ಲ. ವೇಗದ ಕ್ಯಾಮೆರಾದ ಕಥೆಯೇ ಒಂದು ತಮಾಷೆ. ಹಾಲೆಂಡಿನ ಮೌರಿಸ್ ಗಾಟ್ಸೊನಿಡಿಸ್ ಎನ್ನುವ ಕಾರು ಪಂದ್ಯಗಾರ 1953ರಲ್ಲಿ ಹೆಸರಾಂತ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತಾನು ಎಷ್ಟು ವೇಗವಾಗಿ ಹೋಗುತ್ತಿದ್ದೇನೆಂದು ಸರಿಯಾಗಿ ಗೊತ್ತಾದರೆ ಇನ್ನೂ ವೇಗವಾಗಿ ಹೋಗಬಹುದಲ್ಲ ಎಂದು ಅವನು ವೇಗ ಅಳೆಯುವ ಸಾಧನ ಮಾಡಿಕೊಂಡ. ಅದೇ ಮುಂದೆ ಪೊಲೀಸರ ಕೈ ಸೇರಿತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಇಂಥ ಕ್ಯಾಮೆರಾಕ್ಕೆ ಜನ 'ಗಾಟ್ಸೊ' ಎಂದೇ ಅನ್ನುತ್ತಾರೆ. ಜೋರಾಗಿ ಓಡಿಸಲು ಹುಟ್ಟಿದ ಯಂತ್ರ ಜೋರಾಗಿ ಓಡಿಸುವವರನ್ನು ಹಿಡಿಯಲು ನಿಂತಿತು!

ಇಂಗ್ಲೆಂಡಿಗೆ ಅದು ಬಂದದ್ದು 1992ರಲ್ಲಿ, ಲಂಡನ್ನಿನ ಪಶ್ಚಿಮ ಭಾಗದಲ್ಲಿ. ಅದರ ಕೆಲಸ ನಮ್ಮ ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವಂಥದು. ರೈಲು ಹತ್ತಿರ ಬರುವಾಗ ಸಿಳ್ಳೆಯ ಸ್ವರ ಏರಿದಂತೆ, ದಾಟಿ ಹೋದಾಗ ಇಳಿದಂತೆ ಕೇಳುತ್ತದಲ್ಲ, ಡಾಪ್ಲರ್ ಪರಿಣಾಮ, ಅದೇ. ರಾಡಾರ್ ಅಲೆ ಕಾರಿಗೆ ಬಡಿದು ವಾಪಸು ಬರುವಾಗ ಅದರ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ವೇಗ ಗೊತ್ತಾಗುತ್ತದೆ. ಅಷ್ಟಕ್ಕೇ ಬಿಡದೆ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಫೋಟೊ. ರಸ್ತೆಯ ಮೇಲೆ ಬಳಿದ ಬಿಳಿ ಗೆರೆಗಳಲ್ಲಿ ಎಷ್ಟನ್ನು ಕಾರು ದಾಟಿತು ಎಂದು ಎಣಿಸಿದರೆ ರಾಡಾರ್ ಹೇಳಿದ್ದು ಸರಿಯೇ ಎಂದು ತಾಳೆ ನೋಡಬಹುದು. ಚೆನ್ನಾದ ಲೆಕ್ಕ. ಆದರೆ ಅಲ್ಲಿನ ಚಾಲಕರು ಲೆಕ್ಕ ಮೆಚ್ಚಲಿಲ್ಲ, ರೊಚ್ಚಿಗೆದ್ದರು. ಕೆಲವರು ಕ್ಯಾಮೆರಾಗಳಿಗೆ ಟೈರು ತೊಡಿಸಿ ಬೆಂಕಿ ಇಟ್ಟದ್ದೂ ಉಂಟು. ದಂಡದ ಹಣದಿಂದಲೇ ಕ್ಯಾಮೆರಾಗಳ ಖರ್ಚು ತೆಗೆಯುವ ಪದ್ಧತಿ ಅಲ್ಲಿ 2000ದಲ್ಲಿ ಪ್ರಯೋಗವಾಗಿ ಶುರುವಾದಾಗ, 'ಇದು ಜೀವ ಉಳಿಸಲು ಅಲ್ಲ, ಗಲ್ಲಾಪೆಟ್ಟಿಗೆ ತುಂಬಲು' ಎಂಬ ಕೂಗು ಇನ್ನೂ ಜೋರಾಯಿತು. ಬೂದು ಬಣ್ಣದ ಪೆಟ್ಟಿಗೆಗಳಿಗೆ ದೂರದಿಂದಲೇ ಕಾಣುವಂತೆ ಹಳದಿ ಬಳಿಯಬೇಕೆಂದು 2001ರಲ್ಲಿ ಸರ್ಕಾರ ತೀರ್ಮಾನಿಸಿತು. ದಂಡದಿಂದ ಖರ್ಚು ತೆಗೆಯುವ ಪದ್ಧತಿ 2007ರಲ್ಲಿ ನಿಂತೇ ಹೋಯಿತು. ಅಷ್ಟರಮಟ್ಟಿಗೆ ಜನರ ಸಿಟ್ಟಿಗೆ ಬೆಲೆ ಸಿಕ್ಕಿತು. ಕ್ಯಾಮೆರಾಗಳು ಮಾತ್ರ ಹೋಗಲಿಲ್ಲ.

ಈಗ ನಮ್ಮ ಮೈಸೂರು ರಸ್ತೆಗೆ ಬರೋಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಹೆದ್ದಾರಿಯಲ್ಲಿ ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜುಲೈನಲ್ಲಿ ಪೊಲೀಸರು ವೇಗ ಅಳೆಯುವ ಗನ್ ಹಿಡಿದು ನಿಂತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ದಂಡ ಮಾತ್ರವಲ್ಲ, ಮೊಕದ್ದಮೆಯೇ ಎಂದಾಯಿತು. ಇಡೀ ದೇಶದ ಲೆಕ್ಕ ತೆಗೆದರೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವಿಗೆ ಅತಿವೇಗ ಕಾರಣ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಗುಂಡಿ, ತಿರುವು, ಕತ್ತಲು, ಕುಡಿತ ಎಲ್ಲ ಸೇರಿದ ಕಡೆಯೂ ಕೊನೆಗೆ 'ಅತಿವೇಗ' ಎಂದು ಬರೆದು ಮುಗಿಸುವುದು ಸುಲಭವಾದ್ದರಿಂದ ನಾನು ಆ ಎಪ್ಪತ್ತೊಂದನ್ನು ಅಕ್ಷರಶಃ ನಂಬುವವನಲ್ಲ. ಅದರ ಅರ್ಧ ನಿಜವಾದರೂ ಸಾಕಲ್ಲ.

"ಯಾರಿಗೆ ಏನು ತೊಂದರೆ ಆಯಿತು?" ಎಂದು ಕೇಳಿದ್ದರಲ್ಲ. ಆವತ್ತು ಯಾರಿಗೂ ಆಗಲಿಲ್ಲ, ನಿಜ. ಅದೇ ತೊಂದರೆ. ಬಿಸಿ ಬಾಣಲೆ ಮುಟ್ಟಿದ ಮಗು ಎರಡನೇ ಸಲ ಮುಟ್ಟುವುದಿಲ್ಲ. ವೇಗ ಹಾಗಲ್ಲ. ಸಾವಿರ ಸಲ ಜೋರಾಗಿ ಹೋದರೂ ಏನೂ ಆಗುವುದಿಲ್ಲ. ಸಾವಿರದ ಒಂದನೇ ಸಲ ಆದದ್ದನ್ನು ಹೇಳಲು ಕೆಲವೊಮ್ಮೆ ಮನುಷ್ಯನೇ ಇರುವುದಿಲ್ಲ.

ಹುಡುಗಿಗೆ ಒಂದು ಕಾಗದ ಕೊಟ್ಟು, "ಚಲನ ಶಕ್ತಿಯ ಸೂತ್ರ ಹೇಳಮ್ಮ" ಅಂದೆ. ರಾಶಿ ಗುಣಿಸು ವೇಗದ ವರ್ಗ, ಭಾಗಿಸು ಎರಡು. "ಹಾಗಾದರೆ ಲೆಕ್ಕ ಮಾಡು. ಎರಡು ಕಾರು ಪಕ್ಕಪಕ್ಕದಲ್ಲಿ ಹೋಗುತ್ತಿವೆ. ಒಂದು 100ರಲ್ಲಿ, ಇನ್ನೊಂದು 120ರಲ್ಲಿ. ದೂರದಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ. ಇಬ್ಬರೂ ಒಂದೇ ಜಾಗದಲ್ಲಿ ಬ್ರೇಕು ಒತ್ತಿದರು. ಬ್ರೇಕೂ ಒಂದೇ, ಟೈರೂ ಒಂದೇ. 100ರ ಕಾರು ಲಾರಿಗೆ ತಾಗುವಷ್ಟರಲ್ಲಿ ಸರಿಯಾಗಿ ನಿಂತಿತು. 120ರದು ಲಾರಿಗೆ ಗುದ್ದುವಾಗ ಎಷ್ಟು ವೇಗದಲ್ಲಿರುತ್ತೆ?"

ಅವರಪ್ಪ, "ಇಪ್ಪತ್ತು" ಎಂದು ಅವಳಿಗಿಂತ ಮೊದಲೇ ಹೇಳಿಬಿಟ್ಟರು. ನೀವೂ ಹಾಗೆಯೇ ಅಂದುಕೊಂಡಿರಬಹುದು.

ಅವಳು ಲೆಕ್ಕ ಮಾಡಿದಳು. 120ರ ವರ್ಗ 14,400. 100ರ ವರ್ಗ 10,000. ಕಳೆದರೆ ಉಳಿದದ್ದು 4,400. ಅದರ ವರ್ಗಮೂಲ ಹತ್ತಿರ ಹತ್ತಿರ 66. ಅಂದರೆ ಒಂದು ಕಾರಿನವನು ಲಾರಿಯ ಹಿಂಬದಿಯ ಬರಹ ಓದುತ್ತ ಕೂತಿರುವಾಗ, ಪಕ್ಕದವನು ಗಂಟೆಗೆ 66 ಕಿಲೋಮೀಟರ್ ವೇಗದಲ್ಲಿ ಅದರೊಳಕ್ಕೆ ಹೋಗಿರುತ್ತಾನೆ. ಅವನು ಬ್ರೇಕು ಒತ್ತುವ ಮೊದಲು ಕಳೆದ ಒಂದು ಸೆಕೆಂಡನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. 120ರಲ್ಲಿ ಆ ಒಂದು ಸೆಕೆಂಡಿಗೆ 33 ಮೀಟರು ಹೋಗಿಬಿಡುತ್ತದೆ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಅಂಕಲ್, ನಮ್ಮ ಕಾಲೇಜಿನ ಮುಂದೆ 40 ಅಂತ ಬೋರ್ಡಿದೆ. 60ರಲ್ಲಿ ಬಂದರೆ?" ಎಂದು ತಾನೇ ಹಾಕಿದಳು. 3,600ರಲ್ಲಿ 1,600 ಹೋದರೆ 2,000. ವರ್ಗಮೂಲ 45ರ ಹತ್ತಿರ. 40ರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ, 60ರವನು ಇನ್ನೂ 45ರಲ್ಲಿ ಇರುತ್ತಾನೆ. 40ರವನು ಹೊರಟದ್ದೇ ಅದಕ್ಕಿಂತ ಕಡಿಮೆ ವೇಗದಲ್ಲಿ! ಕಾಗದವನ್ನು ಅಪ್ಪನ ಕಡೆ ತಳ್ಳಿದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

ಇನ್ನು ಇಷ್ಟೆಲ್ಲ ಮಾಡಿ ಉಳಿಸುವುದೇನು? ಈ ಹೆದ್ದಾರಿಯ ಉದ್ದ ಸುಮಾರು 119 ಕಿಲೋಮೀಟರ್. ಇಡೀ ದಾರಿ 100ರಲ್ಲೇ ಹೋದರೆ 71 ನಿಮಿಷ. ಇಡೀ ದಾರಿ 120ರಲ್ಲೇ ಹೋದರೆ ಸುಮಾರು 59. ಹನ್ನೆರಡು ನಿಮಿಷದ ಲಾಭ. ಆಮೇಲೆ ಬೆಂಗಳೂರಿನ ಕೆಂಗೇರಿ ಕಡೆಯ ಟ್ರಾಫಿಕ್ಕಿನಲ್ಲಿ ಆ ಹನ್ನೆರಡು ನಿಮಿಷ ಎಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಹುಡುಗಿ ಕೇಳಿದ ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಬಾಕಿ ಸಂಚಾರ ದಂಡಕ್ಕೆ ಒಂಬತ್ತು ದಿನ ಅರ್ಧ ರಿಯಾಯಿತಿ ಕೊಟ್ಟರು. ಬೆಂಗಳೂರು ಒಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಬಂತು. ಆಮೇಲೂ ಇಂಥ ಅವಕಾಶ ಬಂದಿದೆ, 2025ರಲ್ಲೂ ಬಂತು. ಬಾಕಿ ವಸೂಲಾಯಿತು, ಕಡತಗಳು ಮುಗಿದವು, ಆಡಳಿತದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆಷಾಢದ ಸೀರೆಯ ಹಾಗೆ ದಂಡಕ್ಕೂ ರಿಯಾಯಿತಿ ಬಂದರೆ, ಸರಿಯಾದ ದಿನವೇ ಪೂರ್ತಿ ಕಟ್ಟಿದವನು ಪೆದ್ದನಾಗುತ್ತಾನೆ. ದಂಡ ಎನ್ನುವುದು ತಪ್ಪಿಗೆ ತೆರುವುದಾಗದೆ, ಜೋರಾಗಿ ಹೋಗುವ ಸವಲತ್ತಿಗೆ ಕೊಡುವ ಬಾಡಿಗೆಯಂತಾಗುತ್ತದೆ. ಬಾಡಿಗೆ ಎಂದ ಮೇಲೆ ಚೌಕಾಸಿ ಮಾಡುವುದು ನಮಗೆ ಹೇಳಿಕೊಡಬೇಕೆ! ಕ್ಯಾಮೆರಾ ನೆಟ್ಟವರೂ ಅದರ ಮುಂದೆ ರೇಗುವವರೂ ಒಂದೇ ಅಭಿಪ್ರಾಯಕ್ಕೆ ಬರುವ ಜಾಗ ಇದು: ವಿಷಯ ದುಡ್ಡಿನದು ಎಂದು.

ಫಿನ್‌ಲೆಂಡಿನಲ್ಲಿ ಇದಕ್ಕೆ ಒಂದು ಮದ್ದು ಮಾಡಿದ್ದಾರೆ. ಅಲ್ಲಿ ಹೆಚ್ಚಿನ ಅತಿವೇಗಕ್ಕೆ ದಂಡ ಹಾಕುವುದು ಆದಾಯ ನೋಡಿ. ನೋಕಿಯಾ ಕಂಪೆನಿಯ ದೊಡ್ಡ ಅಧಿಕಾರಿಯೊಬ್ಬರು ಐವತ್ತರ ಮಿತಿಯಲ್ಲಿ ಎಪ್ಪತ್ತೈದರಲ್ಲಿ ಮೋಟಾರ್ ಸೈಕಲ್ ಓಡಿಸಿದ್ದಕ್ಕೆ 2002ರಲ್ಲಿ 1,16,000 ಯೂರೊ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು ಬಹಳ ಇಳಿಯಿತು, ಆ ಮಾತು ಬೇರೆ. ನಮ್ಮಲ್ಲಿ ಹಾಗೆ ಮಾಡಿದರೆ ಎಲ್ಲರೂ ಬಡವರೆಂದು ಸರ್ಟಿಫಿಕೇಟು ತರುತ್ತಾರೆ ಎಂದು ನಮ್ಮ ನೆರೆಯವರೇ ನಕ್ಕರು.

ತಂದೆತಾಯಿಯರಿಗೆ ಒಂದು ಮಾತು. ಈಗಿನ ಮೊಬೈಲ್ ನಕ್ಷೆಗಳು ಮುಂದೆ ಕ್ಯಾಮೆರಾ ಇದೆ ಎಂದು ಮೊದಲೇ ಹೇಳಿಬಿಡುತ್ತವೆ. ಅಪ್ಪ ಬ್ರೇಕು ಒತ್ತುತ್ತಾರೆ, ಕಂಬ ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರು. ಹಿಂದಿನ ಸೀಟಿನಲ್ಲಿ ಕೂತ ಮಗು ಇದನ್ನು ಹತ್ತು ವರ್ಷ ನೋಡುತ್ತದೆ. ಡ್ರೈವಿಂಗ್ ಸ್ಕೂಲಿನ ಪಾಠ ಹೆಚ್ಚೆಂದರೆ ಒಂದು ತಿಂಗಳು. ನಮ್ಮೂರುಗಳಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನ ಕೈಗೆ ಸ್ಕೂಟರ್ ಕೊಟ್ಟು ಟ್ಯೂಷನ್ನಿಗೆ ಕಳಿಸುವವರೂ ಇದ್ದಾರೆ. ಅವರಿಗೆ 2019ರ ತಿದ್ದುಪಡಿ ಕಾಯಿದೆ ನೆನಪಿರಲಿ. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಇದಕ್ಕೆ ಅರ್ಧ ರಿಯಾಯಿತಿ ಕಾಯುತ್ತ ಕೂರುವ ಹಾಗಿಲ್ಲ.

ಕಳೆದ ಭಾನುವಾರ ನೆರೆಯವರು ಮತ್ತೆ ಮೈಸೂರಿಗೆ ಹೋಗಿಬಂದರು. ಸಂಜೆ ಕಾಂಪೌಂಡಿನ ಆಚೆಯಿಂದಲೇ ಸುದ್ದಿ ಹೇಳಿದರು. ಒಂದು ದಂಡ ಪೂರ್ತಿ ಕಟ್ಟಿದ್ದಾರಂತೆ. ಇನ್ನೊಂದರ ಫೋಟೊ ಕೇಳಿದ್ದಾರಂತೆ, ಆ ಜಾಗದಲ್ಲಿ ಫಲಕವೇ ಇರಲಿಲ್ಲ ಎನ್ನುವುದು ಅವರ ವಾದ. ಕೇಳಲಿ, ಅದು ಅವರ ಹಕ್ಕು.

"ಈ ಸಲ ನೂರು ದಾಟಲಿಲ್ಲ ಮೇಷ್ಟ್ರೇ. ಮಗಳು ಪಕ್ಕದಲ್ಲೇ ಕೂತು ಮುಳ್ಳು ನೋಡುತ್ತಿದ್ದಳು. ನಿಮ್ಮ ಲೆಕ್ಕ ಸರಿ, ಹನ್ನೆರಡು ನಿಮಿಷ ತಡ ಆಯಿತು."

"ಹಾಗಾದರೆ ಸಮಯಕ್ಕೆ ತಲುಪಲಿಲ್ಲವೋ?" ಅಂದೆ.

"ಅಯ್ಯೋ, ಅದಕ್ಕಲ್ಲ. ಹೆದ್ದಾರಿ ಬಿಟ್ಟು ಮದ್ದೂರಿನೊಳಗೆ ಇಳಿದು ವಡೆ ತಿಂದು ಬರುವಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು."